ಮೂರು ತಂಡಗಳ ಮೊದಲ ಆಫ್ರಿಕಾ ಕಪ್

ನೆಂಟರ ಮನೆಯ ಮದುವೆಗೆಂದು ನಾವು ಹೊಸೂರಿಗೆ ಹೋಗಿದ್ದೆವು. 1965ರವರೆಗೆ ಸೇಲಂ ಜಿಲ್ಲೆಗೆ, ಆಮೇಲೆ 2004ರವರೆಗೆ ಧರ್ಮಪುರಿಗೆ, ಈಗ ಕೃಷ್ಣಗಿರಿಗೆ ಸೇರಿದ ಊರು ಅದು. ಜಿಲ್ಲೆಯ ಹೆಸರು ಎಷ್ಟು ಬದಲಾದರೂ ಮನೆಮಾತನ್ನು ಬಿಡದ ಕನ್ನಡ ಕುಟುಂಬಗಳು ಅಲ್ಲಿ ಇನ್ನೂ ಇವೆ.

ಸಂಜೆ ಬಯಲಿನಲ್ಲಿ ಹುಡುಗರು ಕಾಲ್ಚೆಂಡು ಆಡುತ್ತಿದ್ದರು. ಒಂದೇ ತಂಡದಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು! ಬೈಗುಳ ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. ಆಟ ಮುಗಿಸಿ ಬಂದ ನೆಂಟರ ಹುಡುಗ ಕೇಳಿದ: “ಮಾವ, ಆಫ್ರಿಕಾ ಕಪ್ಪಿನಲ್ಲಿ ಈಗ 24 ತಂಡಗಳಂತೆ. ಮೊದಲ ಸಲ ಎಷ್ಟಿದ್ದವು?”

“ಮೂರು” ಎಂದೆವು. ಅವನು ನಂಬಲಿಲ್ಲ.

ಅದು ನಡೆದದ್ದು 1957ರ ಫೆಬ್ರವರಿಯಲ್ಲಿ, ಸುಡಾನಿನ ಖಾರ್ಟೂಮಿನಲ್ಲಿ. ಆ ದೇಶ ಸ್ವತಂತ್ರವಾಗಿ ಒಂದು ವರ್ಷವಾಗಿತ್ತಷ್ಟೆ. ಆಫ್ರಿಕಾದ ಕಾಲ್ಚೆಂಡಾಟದ ಒಕ್ಕೂಟ ಹುಟ್ಟಿದ್ದೂ ಅದೇ ತಿಂಗಳು, ಅದೇ ಊರಿನಲ್ಲಿ. ಅದರ ಪ್ರಥಮ ಅಧ್ಯಕ್ಷ, ಈಜಿಪ್ಟಿನ ಅಬ್ದೆಲ್ ಅಜೀಜ್ ಅಬ್ದಲ್ಲಾ ಸಲೇಂ ಅವರ ಹೆಸರನ್ನೇ ಕಪ್ಪಿಗೆ ಇಟ್ಟಿದ್ದರು. “ನಮ್ಮ ಸೇಲಂ ಕಪ್ಪೇ?” ಎಂದು ಹುಡುಗ ನಕ್ಕ.

ಆಡಬೇಕಾಗಿದ್ದದ್ದು ಈಜಿಪ್ಟ್, ಸುಡಾನ್, ಇಥಿಯೋಪಿಯ, ದಕ್ಷಿಣ ಆಫ್ರಿಕಾ ಎಂಬ ನಾಲ್ಕು ರಾಷ್ಟ್ರಗಳು. ಆದರೆ ದಕ್ಷಿಣ ಆಫ್ರಿಕಾದಲ್ಲಿ ಆಗ ವರ್ಣಭೇದದ ಆಳ್ವಿಕೆ. ಬಿಳಿಯರನ್ನೂ ಕರಿಯರನ್ನೂ ಒಂದೇ ತಂಡದಲ್ಲಿ ಕಳುಹಿಸಲು ಅವರು ಒಪ್ಪಲಿಲ್ಲ. ಕೂಡಿ ಆಡದ ತಂಡವನ್ನು ಉಳಿದ ಮೂವರೂ ಒಪ್ಪಲಿಲ್ಲ. ಹೀಗಾಗಿ ಇಥಿಯೋಪಿಯ ಒಂದು ಪಂದ್ಯವನ್ನೂ ಆಡದೆ ಫೈನಲಿಗೆ ಬಂತು. ಈಜಿಪ್ಟ್ ಮೊದಲು ಸುಡಾನನ್ನು 2-1ರಿಂದ, ಅನಂತರ ಇಥಿಯೋಪಿಯವನ್ನು 4-0ಯಿಂದ ಸೋಲಿಸಿತು. ಆ ನಾಲ್ಕು ಗೋಲುಗಳನ್ನೂ ಹೊಡೆದವನು ಅದ್-ದೀಬಾ ಒಬ್ಬನೇ. ಎರಡೇ ಪಂದ್ಯಗಳಲ್ಲಿ ಕಪ್ ಮುಗಿಯಿತು.

ನಾಲ್ಕರಲ್ಲಿ ಒಂದು ತಂಡ ಹೋದರೆ ಕೂಟವೇ ಬಡವಾಗುವುದೆಂದು ಅವರಿಗೆ ತಿಳಿದಿರಲಿಲ್ಲವೇ? ತಿಳಿದೇ ಬಿಟ್ಟರು. ಕೂಟ ದೊಡ್ಡದಾಗಿ ಕಾಣಲೆಂದು ಕಣ್ಣು ಮುಚ್ಚಿಕೊಳ್ಳುವವರನ್ನು ನಾವು ಶಾಲಾ ಕ್ರೀಡಾಕೂಟಗಳಲ್ಲಿಯೇ ಬೇಕಾದಷ್ಟು ಕಂಡಿದ್ದೇವೆ.

ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಬೆಂಗಳೂರಿನ ಮಾತು ತೆಗೆದರು. ಹೊಸೂರಿಗೆ ಅದು 40 ಕಿಲೋಮೀಟರ್ ಅಷ್ಟೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿ ಫ್ರಾನ್ಸಿಗೆ 1-2ರಿಂದ ಸೋತ ನಮ್ಮ ತಂಡದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್, 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಆಡಿದರು. “ಅವರ ಮನೆಮಾತು ಯಾವುದೆಂದು ಆಗ ಯಾರೂ ಕೇಳಲಿಲ್ಲ, ಮೇಷ್ಟ್ರೇ” ಎಂದರು ಹಿರಿಯರು.

ಹುಡುಗನ ಮನಸ್ಸು ಮಾತ್ರ ನಾಲ್ಕನೆಯ ತಂಡದ ಮೇಲೆಯೇ ಇತ್ತು. “ಅವರು ಮತ್ತೆ ಆಡಲೇ ಇಲ್ಲವೇ, ಮಾವ?”

ಆಡಿದರು, 39 ವರ್ಷಗಳ ಮೇಲೆ. 1996ರಲ್ಲಿ ತಮ್ಮ ನೆಲದಲ್ಲಿಯೇ ಆಡಿ, ಟುನೀಸಿಯವನ್ನು 2-0ಯಿಂದ ಸೋಲಿಸಿ ಕಪ್ ಗೆದ್ದರು. ನೆಲ್ಸನ್ ಮಂಡೇಲಾ ಅದನ್ನು ಕೊಟ್ಟದ್ದು ನಾಯಕ ನೀಲ್ ಟೋವಿಯ ಕೈಗೆ. ಟೋವಿ ಬಿಳಿಯ. ಅಂದು ಎರಡೂ ಗೋಲು ಹೊಡೆದ ಮಾರ್ಕ್ ವಿಲಿಯಮ್ಸ್ ಬಿಳಿಯನಲ್ಲ.