ಗೋಡೆಯೊಳಗೆ ಮಲಗಿರುವ ಕೇಬಲ್: ಅದು ಯಾರದ್ದು, ನಮಗೆ ಅದರಿಂದ ಏನುಪಯೋಗ?

ಮನೆಗೆ ಇಂಟರ್ನೆಟ್ ಬರುವುದು ಬೇರೆ, ಮನೆಯೊಳಗೆ ಅದು ಹರಡುವುದು ಬೇರೆ. ಮೊದಲನೆಯದಕ್ಕೆ ನಾವು ತಿಂಗಳು ತಿಂಗಳು ಬಿಲ್ ಕಟ್ಟುತ್ತೇವೆ, ಸ್ಪೀಡ್ ಕಡಿಮೆಯಾದರೆ ಕಸ್ಟಮರ್ ಕೇರ್ ಜೊತೆ ಜಗಳ ಆಡುತ್ತೇವೆ. ಎರಡನೆಯದನ್ನು ಮಾತ್ರ ದೇವರಿಗೆ ಬಿಟ್ಟಿದ್ದೇವೆ.

ನಗರದ ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಫೈಬರ್ ಎಳೆದುಕೊಂಡು ಬಂದ ಹುಡುಗ ಮುಂಬಾಗಿಲ ಹತ್ತಿರ ಡಬ್ಬ ಹೊಡೆದು, ಹಾಲ್‌ನಲ್ಲಿ ರೂಟರ್ ಇಟ್ಟು ಹೋಗುತ್ತಾನೆ. ಕೆಲಸ ಮಾಡುವವರು ಕೂರುವುದು ಹಿಂದಿನ ರೂಮಿನಲ್ಲಿ. ನಡುವೆ ಎರಡು ಕಾಂಕ್ರೀಟ್ ಗೋಡೆ, ಒಂದು ಕಬ್ಬಿಣದ ಬೀರು. 5 ಗಿಗಾಹರ್ಟ್ಸ್‌ನ ವೈಫೈ ಅಷ್ಟು ದಾಟುವ ಹೊತ್ತಿಗೆ ಸುಸ್ತಾಗಿರುತ್ತದೆ. ಆಗ ನಾವು ಮಾಡುವ ಮೊದಲ ಕೆಲಸ, ಇನ್ನೂ ದುಬಾರಿ ಪ್ಲಾನ್ ಹಾಕಿಸಿಕೊಳ್ಳುವುದು. ಅದರಿಂದ ಹಾಲ್‌ನಲ್ಲಿ ಸ್ಪೀಡ್ ಏರುತ್ತದೆ, ಹಿಂದಿನ ರೂಮಿನ ಕಥೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಎರಡನೆಯ ಕೆಲಸ, ರಿಪೀಟರ್ ತರುವುದು. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ರೂಟರ್ ಮಾತು ಕೇಳಿಸಿಕೊಳ್ಳಬೇಕು, ಅದೇ ರೇಡಿಯೋದಲ್ಲಿ ನಿಮ್ಮ ಲ್ಯಾಪ್‌ಟಾಪಿಗೆ ಅದನ್ನು ಮತ್ತೆ ಹೇಳಬೇಕು. ಅರ್ಧ ಸಮಯ ಅದಕ್ಕೇ ಹೋಗುತ್ತದೆ. ಮೂರನೆಯದು, ಗೋಡೆಗೆ ಡ್ರಿಲ್ ಹಾಕಿ ಇಥರ್ನೆಟ್ ವೈರ್ ಎಳೆಯುವುದು. ಸ್ವಂತ ಮನೆಯಾದರೆ ಸರಿ. ಬಾಡಿಗೆಯವರು ಒಂದು ಮೊಳೆ ಹೊಡೆದರೂ ಅಡ್ವಾನ್ಸ್‌ನಲ್ಲಿ ಹಿಡಿಯುವ ಓನರ್‌ಗಳಿರುವ ಊರಿದು.

ನಾಲ್ಕನೆಯ ದಾರಿಯೊಂದಿದೆ. ಅದಕ್ಕೆ ಬೇಕಾದ ವೈರ್ ಬಹಳಷ್ಟು ಮನೆಗಳ ಗೋಡೆಯಲ್ಲಿ ಈಗಾಗಲೇ ಇದೆ.

ಹಳೆ ವೈರಿನ ಕಥೆ

ಟಿವಿ ಇಡುವ ಜಾಗದಲ್ಲಿ ಸ್ವಿಚ್‌ಬೋರ್ಡ್ ಪಕ್ಕ ಒಂದು ದುಂಡನೆಯ ಪಾಯಿಂಟ್ ಇರುತ್ತದಲ್ಲ, ಅದರ ಹಿಂದಿರುವುದು ಕೊಆಕ್ಸಿಯಲ್ ಕೇಬಲ್. ನಡುವೆ ಒಂದು ತಾಮ್ರದ ಎಳೆ, ಸುತ್ತ ಬಿಳಿ ಫೋಮ್, ಅದರ ಮೇಲೆ ಲೋಹದ ಹಾಳೆ ಮತ್ತು ಜಾಲರಿ, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಜಾಲರಿಯ ಕೆಲಸ ಹೊರಗಿನ ಗಲಾಟೆ ಒಳಗೆ ಬರದಂತೆ, ಒಳಗಿನ ಸಿಗ್ನಲ್ ಹೊರಗೆ ಸೋರದಂತೆ ನೋಡಿಕೊಳ್ಳುವುದು. ಬೆಲ್ ಲ್ಯಾಬ್ಸ್‌ನ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಆಫೆಲ್ 1929ರಲ್ಲಿ ಇದರ ಆಧುನಿಕ ರೂಪಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಸುಮಾರು ನೂರು ವರ್ಷ ಹಳೆಯ ಐಡಿಯಾ. ಈಗಲೂ ಮುಪ್ಪಾಗಿಲ್ಲ.

ನಮ್ಮಲ್ಲಿ ಇದು ಮನೆಮನೆಗೆ ಬಂದದ್ದು 90ರ ದಶಕದಲ್ಲಿ. ಕಂಬದಿಂದ ಕಂಬಕ್ಕೆ, ತೆಂಗಿನ ಮರದಿಂದ ಟೆರೇಸಿಗೆ ಕೇಬಲ್ ಹಾರಿತು. ಕಾನೂನು ಬಂದದ್ದು ಆಮೇಲೆ, 1995ರಲ್ಲಿ. ಬೆಂಗಳೂರು, ಮೈಸೂರುಗಳಲ್ಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಗಿದ್ದು ಡಿಜಿಟಲೀಕರಣದ ಎರಡನೇ ಹಂತದಲ್ಲಿ, 2013ರಲ್ಲಿ. ಬಿಲ್ಡರ್‌ಗಳು ಹಾಲ್‌ಗೊಂದು, ಮಾಸ್ಟರ್ ಬೆಡ್‌ರೂಮಿಗೊಂದು ಟಿವಿ ಪಾಯಿಂಟ್ ಕೊಡುವುದನ್ನು ರೂಢಿ ಮಾಡಿಕೊಂಡರು. ಆಮೇಲೆ ಮೊಬೈಲ್, ಓಟಿಟಿ ಬಂತು. ನಮ್ಮ ತಲೆಮಾರು ಕೇಬಲ್ ಕನೆಕ್ಷನ್ ತೆಗೆಸಿತು. ವೈರ್ ಮಾತ್ರ ಗೋಡೆಯೊಳಗೇ ಉಳಿಯಿತು.

ಹೇಗೆ ಕೆಲಸ ಮಾಡುತ್ತದೆ?

ಬೆಂಗಳೂರಿನ ಗಾಳಿಯಲ್ಲಿ 101.3ರ ಎಫ್‌ಎಂ ರೈನ್‌ಬೋ ಇದೆ, 102.9ರ ವಿವಿಧ ಭಾರತಿಯೂ ಇದೆ. ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ, ಯಾಕಂದ್ರೆ ಫ್ರೀಕ್ವೆನ್ಸಿ ಬೇರೆ ಬೇರೆ. ಕೇಬಲ್ಲಿನೊಳಗೂ ಇದೇ ಲೆಕ್ಕ. ನಮ್ಮ ಕೇಬಲ್ ಟಿವಿ ಹೆಚ್ಚುಕಡಿಮೆ 862 ಮೆಗಾಹರ್ಟ್ಸ್‌ ಒಳಗೇ ಮುಗಿಯುತ್ತದೆ. ಅದರ ಮೇಲಿನ ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ಇಂಟರ್ನೆಟ್ ಓಡಿಸುವ ತಂತ್ರಜ್ಞಾನದ ಹೆಸರು ಮೋಕಾ. ಕಾಫಿಗೂ ಇದಕ್ಕೂ ಸಂಬಂಧವಿಲ್ಲ. ‘ಮಲ್ಟಿಮೀಡಿಯಾ ಓವರ್ ಕೊಆಕ್ಸ್ ಅಲಯನ್ಸ್’ ಎಂಬ, 2004ರಲ್ಲಿ ಹುಟ್ಟಿದ ಕಂಪನಿಗಳ ಕೂಟ ರೂಪಿಸಿದ ಮಾನದಂಡ ಅದು.

ಈಗ ಹೆಚ್ಚಾಗಿ ಸಿಗುವುದು ಮೋಕಾ 2.5. ಅದು 1125ರಿಂದ 1675 ಮೆಗಾಹರ್ಟ್ಸ್ ನಡುವೆ, 100 ಮೆಗಾಹರ್ಟ್ಸ್‌ನ ಐದು ಚಾನೆಲ್‌ಗಳನ್ನು ಜೋಡಿಸಿಕೊಂಡು ಸೆಕೆಂಡಿಗೆ 2.5 ಗಿಗಾಬಿಟ್‌ವರೆಗೆ ಸಾಗಿಸಬಲ್ಲದು. ಇದು ಇಡೀ ಮನೆಗೆ ಸೇರಿದ ಒಟ್ಟು ಲೆಕ್ಕ, ರೂಮಿಗಿಷ್ಟು ಅಂತಲ್ಲ. ಒಂದು ಜಾಲದಲ್ಲಿ 16 ಸಾಧನಗಳವರೆಗೆ ಇರಬಹುದು. ವಿಳಂಬ ಕೆಲವೇ ಮಿಲಿಸೆಕೆಂಡ್.

ಜೋಡಿಸುವುದು ಸರಳ. ಎರಡು ಅಡಾಪ್ಟರ್ ಬೇಕು. ಒಂದನ್ನು ಹಾಲ್‌ನಲ್ಲಿ ರೂಟರಿಗೆ ಇಥರ್ನೆಟ್ ವೈರಿನಲ್ಲೂ ಗೋಡೆಯ ಟಿವಿ ಪಾಯಿಂಟಿಗೆ ಕೊಆಕ್ಸ್‌ನಲ್ಲೂ ಸಿಕ್ಕಿಸಿ. ಇನ್ನೊಂದನ್ನು ಹಿಂದಿನ ರೂಮಿನ ಟಿವಿ ಪಾಯಿಂಟಿಗೆ ಸಿಕ್ಕಿಸಿ, ಅಲ್ಲಿಂದ ಲ್ಯಾಪ್‌ಟಾಪಿಗೋ ಎರಡನೆಯ ವೈಫೈ ಡಬ್ಬಕ್ಕೋ ವೈರ್ ಕೊಡಿ. ಅಷ್ಟೇ. ಅಡಾಪ್ಟರಿನ ಇಥರ್ನೆಟ್ ಪೋರ್ಟ್ 1 ಗಿಗಾಬಿಟ್‌ನದಾದರೆ ಅದಕ್ಕಿಂತ ಹೆಚ್ಚು ಸಿಗದು ಅನ್ನುವುದು ನೆನಪಿರಲಿ.

ದುಡ್ಡು ಹಾಕುವ ಮೊದಲು

ಮೊದಲು ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ. ಬಹಳಷ್ಟು ಫ್ಲಾಟ್‌ಗಳಲ್ಲಿ ರೂಮುಗಳ ಕೇಬಲ್‌ಗಳು ನೇರವಾಗಿ ಒಂದಕ್ಕೊಂದು ಸೇರಿರುವುದಿಲ್ಲ. ಬಾಗಿಲ ಹೊರಗಿನ ಡಕ್ಟ್‌ನಲ್ಲೋ ಟೆರೇಸಿನಲ್ಲೋ ಅವುಗಳ ತುದಿಗಳು ಸೇರುತ್ತವೆ, ಇಲ್ಲವೇ ಕತ್ತರಿಸಿ ಬಿದ್ದಿರುತ್ತವೆ. ಎರಡು ತುದಿಗಳನ್ನು ಅಲ್ಲಿ ಜೋಡಿಸಬೇಕಾಗುತ್ತದೆ. ಯಾವ ವೈರ್ ಯಾವ ರೂಮಿನದು ಅಂತ ತಿಳಿಯಲು ಸುಲಭ ಉಪಾಯವಿದೆ. ಎಲ್ಲ ಸಾಧನಗಳನ್ನು ಕಳಚಿ, ರೂಮಿನ ತುದಿಯಲ್ಲಿ ನಡುವಿನ ಎಳೆಯನ್ನೂ ಜಾಲರಿಯನ್ನೂ ಒಂದಕ್ಕೊಂದು ತಾಗಿಸಿಡಿ. ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಹಿಡಿದಾಗ ಬೀಪ್ ಅಂದರೆ ಅದೇ ವೈರ್.

ಎರಡನೆಯದು ಡಿಟಿಎಚ್. ಅಮೆರಿಕದ ವಿಡಿಯೋ ನೋಡಿ ಅಡಾಪ್ಟರ್ ತರಿಸುವವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಡಿಶ್‌ನಿಂದ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ನಲ್ಲಿರುತ್ತದೆ, ಅಂದರೆ ಮೋಕಾ ಕೂರುವ ಜಾಗದಲ್ಲೇ. ಜೊತೆಗೆ ಅದೇ ವೈರಿನಲ್ಲಿ ಸೆಟ್ ಟಾಪ್ ಬಾಕ್ಸ್ ಮೇಲಿನ ಡಿಶ್‌ಗೆ 13 ಅಥವಾ 18 ವೋಲ್ಟ್ ಕರೆಂಟನ್ನೂ ಕಳಿಸುತ್ತಿರುತ್ತದೆ. ಹಾಗಾಗಿ ಡಿಟಿಎಚ್ ಚಾಲೂ ಇರುವ ವೈರಿಗೆ ಈ ಅಡಾಪ್ಟರ್ ಹಾಕಬಾರದು. ಡಿಟಿಎಚ್ ನಿಲ್ಲಿಸಿದ, ಎರಡೂ ತುದಿ ಬಿಚ್ಚಿದ ವೈರಾದರೆ ತೊಂದರೆಯಿಲ್ಲ.

ಮೂರನೆಯದು ಸ್ಪ್ಲಿಟರ್. ಹಳೆಯ ಸ್ಪ್ಲಿಟರ್‌ಗಳ ಮೇಲೆ ‘5–1000 ಮೆಗಾಹರ್ಟ್ಸ್’ ಎಂದು ಬರೆದಿರುತ್ತದೆ. ಅವು ಮೋಕಾ ಸಿಗ್ನಲ್ಲಿನ ಕತ್ತು ಹಿಸುಕುತ್ತವೆ. 1675ರವರೆಗೆ ಬಿಡುವ ಸ್ಪ್ಲಿಟರ್ ಬೇಕು. ಎರಡೇ ರೂಮು ಜೋಡಿಸುವುದಾದರೆ ಸ್ಪ್ಲಿಟರ್ ತೆಗೆದು ನೇರ ಜೋಡಿಸಿದರೆ ಇನ್ನೂ ಒಳ್ಳೆಯದು. ನಡುವೆ ಕೇಬಲ್‌ನವರ ಬೂಸ್ಟರ್ ಇದ್ದರೆ ಅದನ್ನೂ ತೆಗೆಯಿರಿ. ಅದು ಒಂದೇ ದಿಕ್ಕಿಗೆ ಸಿಗ್ನಲ್ ತಳ್ಳುತ್ತದೆ, ಇಂಟರ್ನೆಟ್‌ಗೆ ಎರಡೂ ದಿಕ್ಕು ಬೇಕು.

ನಾಲ್ಕನೆಯದು ಸೋರಿಕೆ. ನಿಮ್ಮ ವೈರ್ ಇನ್ನೂ ಬಿಲ್ಡಿಂಗಿನ ಕೇಬಲ್ ಜಾಲಕ್ಕೆ ಅಂಟಿಕೊಂಡಿದ್ದರೆ, ನಿಮ್ಮ ಸಿಗ್ನಲ್ ಪಕ್ಕದ ಮನೆಯ ಪಾಯಿಂಟಿನವರೆಗೂ ಹೋಗಬಹುದು. ಅದನ್ನು ತಡೆಯಲು ಮನೆಗೆ ಕೇಬಲ್ ಬರುವ ಜಾಗದಲ್ಲಿ ಬೆರಳುದ್ದದ ಒಂದು ಫಿಲ್ಟರ್ ಹಾಕುತ್ತಾರೆ. ಅಡಾಪ್ಟರಿನ ಪಾಸ್‌ವರ್ಡ್ ಕೂಡ ಆನ್ ಮಾಡಿ. ವೈಫೈಗೆ ಉದ್ದುದ್ದ ಪಾಸ್‌ವರ್ಡ್ ಇಟ್ಟು ಗೋಡೆಯ ವೈರನ್ನು ತೆರೆದಿಡುವುದರಲ್ಲಿ ಅರ್ಥವಿಲ್ಲ.

ಕೊನೆಯದಾಗಿ ಬೆಲೆ. ನಮ್ಮ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇವು ಸುಲಭಕ್ಕೆ ಸಿಗುವುದಿಲ್ಲ. ಅಮೆರಿಕದಲ್ಲೇ ಒಂದು ಜೋಡಿಗೆ ನೂರು ಡಾಲರಿಗಿಂತ ಹೆಚ್ಚು. ನಿಮ್ಮ ಗೋಡೆಯಲ್ಲಿ ಖಾಲಿ ಪೈಪ್ ಇದ್ದು ಅದರೊಳಗೆ ಇಥರ್ನೆಟ್ ವೈರ್ ತೂರಿಸಲು ಆಗುವುದಾದರೆ ಅದನ್ನೇ ಮಾಡಿ. ಅಗ್ಗ, ವೇಗವೂ ಹೆಚ್ಚು.

ಅದು ಯಾರ ವೈರ್?

ಇಲ್ಲಿಗೆ ಎಂಜಿನಿಯರಿಂಗ್ ಮುಗಿಯಿತು, ರಾಜಕೀಯ ಶುರು. ಡಕ್ಟ್ ಬಾಗಿಲು ತೆಗೆದು ಎರಡು ತುದಿ ಜೋಡಿಸಬೇಕು ಅಂದೆನಲ್ಲ, ಅದಕ್ಕೆ ಯಾರ ಅಪ್ಪಣೆ ಬೇಕು? ಓನರ್ ಅಂಕಲ್ “ಅಸೋಸಿಯೇಷನ್ ಕೇಳಪ್ಪ” ಅಂತಾರೆ. ಅಸೋಸಿಯೇಷನ್‌ನವರು “ಅದು ಕೇಬಲ್‌ನವರದ್ದು” ಅಂತಾರೆ. ಕೇಬಲ್‌ನವರು “ಬಿಲ್ಡರ್ ಹಾಕ್ಸಿದ್ದು ಸಾರ್” ಅಂತಾರೆ. ಯಾರದ್ದೂ ಅಲ್ಲದ ವೈರ್, ಮುಟ್ಟಲು ಹೋದರೆ ಎಲ್ಲರದ್ದೂ ಆಗುತ್ತದೆ.

ಅಮೆರಿಕ ಈ ಪ್ರಶ್ನೆಯನ್ನು ಮೂರು ದಶಕದ ಹಿಂದೆಯೇ ಕೈಗೆತ್ತಿಕೊಂಡಿತು. 1992ರ ಕೇಬಲ್ ಕಾಯ್ದೆ, ಗ್ರಾಹಕ ಸೇವೆ ನಿಲ್ಲಿಸಿದಾಗ ಮನೆಯೊಳಗಿನ ವೈರ್ ಏನಾಗಬೇಕು ಎಂಬುದಕ್ಕೆ ನಿಯಮ ಮಾಡಿ ಎಂದು ಅಲ್ಲಿನ ಸಂವಹನ ಆಯೋಗಕ್ಕೆ ಹೇಳಿತು. ವೈರ್ ಕಿತ್ತುಕೊಂಡು ಹೋಗುವ ಮೊದಲು ಅದನ್ನು ಗ್ರಾಹಕರಿಗೇ ಮಾರಲು ಕಂಪನಿ ಮುಂದಾಗಬೇಕು ಎಂಬ ನಿಯಮ ಬಂತು. ಉದ್ದೇಶ ಸ್ಪಷ್ಟ: ವೈರ್ ಹಿಡಿದುಕೊಂಡು ಗ್ರಾಹಕರನ್ನು ಕಟ್ಟಿಹಾಕಬಾರದು. ಮುಂದೆ ವೆರೈಝಾನ್ ಕಂಪನಿ ಮನೆಬಾಗಿಲಿಗೆ ಫೈಬರ್ ತಂದಾಗ, ಒಳಗೆ ಹೊಸ ವೈರ್ ಎಳೆಯುವ ಬದಲು ಇದ್ದ ಕೊಆಕ್ಸ್ ಮೇಲೇ ಮೋಕಾ ಓಡಿಸಿತು. ಇಷ್ಟಾದರೂ ಅಲ್ಲಿ ಹೋರಾಟ ಮುಗಿದಿಲ್ಲ. ಅಪಾರ್ಟ್‌ಮೆಂಟ್ ಮಾಲೀಕರಿಗೆ ವೈರಿಂಗ್ ಮಾರಿ, ಮತ್ತೆ ಅವರಿಂದಲೇ ತಮಗೆ ಮಾತ್ರ ಅಂತ ಲೀಸಿಗೆ ಪಡೆಯುವ ಕಂಪನಿಗಳ ಕೈಚಳಕಕ್ಕೆ 2022ರಲ್ಲಿ ಆಯೋಗ ತಡೆ ಹಾಕಬೇಕಾಯಿತು.

ನಮ್ಮಲ್ಲಿ ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮಾವಳಿ ತಂದಿದೆ. ಒಳ್ಳೆಯ ಹೆಜ್ಜೆ. ಆದರೆ ರೇಟಿಂಗ್ ಪಡೆಯುವುದು ಕಟ್ಟಡದವರ ಇಚ್ಛೆಗೆ ಬಿಟ್ಟದ್ದು. ಹತ್ತು ವರ್ಷ ಹಳೆಯ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಗೆ ಸ್ಟಾರ್‌ನಿಂದ ಆಗುವುದೇನು? ಅವಳಿಗೆ ಬೇಕಿರುವುದು ತನ್ನ ಗೋಡೆಯ ವೈರನ್ನು ಬಳಸುವ ಹಕ್ಕು.

ಆ ಹಕ್ಕು ಕೇಳಲು ಹೊಸ ಕಾನೂನಿಗೆ ಕಾಯಬೇಕಿಲ್ಲ. ಬಾಡಿಗೆ ಕರಾರಿನಲ್ಲಿ ಫ್ಯಾನ್ ಎಷ್ಟು, ಗೀಸರ್ ಎಷ್ಟು ಅಂತ ಪಟ್ಟಿ ಇರುತ್ತದೆ. ಅದಕ್ಕೆ ಒಂದು ಸಾಲು ಸೇರಿಸಿಕೊಳ್ಳಿ: ಮನೆಯೊಳಗಿನ ಟಿವಿ ಮತ್ತು ಟೆಲಿಫೋನ್ ವೈರಿಂಗನ್ನು, ಡಕ್ಟ್‌ನಲ್ಲಿರುವ ಅದರ ತುದಿಗಳನ್ನು ಬಾಡಿಗೆದಾರರು ಬಳಸಬಹುದು. ಅಸೋಸಿಯೇಷನ್ ಮೀಟಿಂಗಿಗೆ ಹೋಗುವ ಅವಕಾಶವಿದ್ದರೆ ಎರಡು ಪ್ರಶ್ನೆ ಕೇಳಿ. ಡಕ್ಟ್ ಕೀಲಿ ಯಾರ ಹತ್ತಿರ ಇದೆ? ಒಂದೇ ಇಂಟರ್ನೆಟ್ ಕಂಪನಿಗೆ ಮಾತ್ರ ಒಳಗೆ ಬಿಡುವ ಒಪ್ಪಂದ ಇದೆಯಾ? ಹೊಸ ಮನೆ ಕಟ್ಟಿಸುವ ಅಣ್ಣ ಅಕ್ಕಂದಿರಿಗೆ ಹೇಳಿ, ಪ್ರತಿ ರೂಮಿಗೂ ಒಂದು ಖಾಲಿ ಪೈಪ್ ಬಿಡಿಸಲಿ. ವೈರ್ ಹಳತಾಗುತ್ತದೆ, ಪೈಪ್ ಹಳತಾಗುವುದಿಲ್ಲ.

ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ತಲುಪಿಸುವ ಬಗ್ಗೆ ದೇಶ 2011ರಿಂದ ಮಾತಾಡುತ್ತಿದೆ, ಆ ಮಾತು ಬೇಕೇ ಬೇಕು. ಆದರೆ ಬಾಗಿಲಿನಿಂದ ಓದುವ ಮೇಜಿನವರೆಗಿನ ಕೊನೆಯ ಹತ್ತು ಮೀಟರ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಅಲ್ಲಿ ಇಂಟರ್ನೆಟ್ ನಿಂತರೆ ಅದನ್ನು ನಾವು ‘ವೈಫೈ ಸರಿ ಇಲ್ಲ’ ಅಂತ ಬಿಟ್ಟುಬಿಡುತ್ತೇವೆ. ಎಷ್ಟೋ ಮನೆಗಳಲ್ಲಿ ವೈಫೈ ಸರಿಯಾಗೇ ಇರುತ್ತದೆ, ಬೀಗ ಹಾಕಿದ ಡಕ್ಟ್‌ನೊಳಗೆ ಎರಡು ತುದಿಗಳು ಸೇರಿರುವುದಿಲ್ಲ.