ಘಟಕವೇ, ಸೇವೆಯೇ? ಪಹಣಿಯ ಹಿಂದಿರುವ ತಂತ್ರಾಂಶದ ಪ್ರಶ್ನೆ

ಅರಸೀಕೆರೆಯ ತಾಲ್ಲೂಕು ಕಚೇರಿಯಾಗಲಿ, ಬೇಲೂರು ತಾಲ್ಲೂಕಿನ ಹಳೇಬೀಡು ನಾಡಕಚೇರಿಯಾಗಲಿ, ರೈತರ ಕೈ ಸೇರುವ ಪಹಣಿಯ ಮೂಲ ಒಂದೇ: ಕಂದಾಯ ಇಲಾಖೆಯ ‘ಭೂಮಿ’. 2000ದ ಸುಮಾರಿಗೆ ಜಾರಿಗೆ ಬಂದ ಈ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕೀಕರಿಸಿತು. ಆಸ್ತಿ ನೋಂದಣಿಗೆ ‘ಕಾವೇರಿ’ ಎಂಬ ಪ್ರತ್ಯೇಕ ತಂತ್ರಾಂಶ 2003ರಲ್ಲಿ ಬಂದಿತು. ಇಂತಹ ಎರಡು ವ್ಯವಸ್ಥೆಗಳು ಪರಸ್ಪರ ಮಾತನಾಡಬೇಕಾದಾಗ ತಂತ್ರಾಂಶ ತಜ್ಞರ ಮುಂದೆ ಒಂದು ಪ್ರಶ್ನೆ ಏಳುತ್ತದೆ: ಬೇಕಾದುದನ್ನು ಘಟಕವಾಗಿ ಪಡೆಯಬೇಕೇ, ಸೇವೆಯಾಗಿ ಪಡೆಯಬೇಕೇ?

ಘಟಕ, ಅಂದರೆ ಕಾಂಪೊನೆಂಟ್, ಸಿದ್ಧಗೊಂಡ ತಂತ್ರಾಂಶದ ತುಂಡು. ಬಳಸುವವನು ಅದನ್ನು ತಿದ್ದದೆ ತನ್ನ ವ್ಯವಸ್ಥೆಯೊಳಗೇ ಜೋಡಿಸಿಕೊಳ್ಳುತ್ತಾನೆ. ಸೇವೆ ಬೇರೆಡೆ, ಬೇರೊಬ್ಬರ ನಿರ್ವಹಣೆಯಲ್ಲಿ ನಡೆಯುತ್ತಿರುತ್ತದೆ. ಕೇಳಿದಾಗ ಉತ್ತರ ಮಾತ್ರ ಬರುತ್ತದೆ. ಮಾರ್ಟಿನ್ ಫೌಲರ್ 2004ರ ಲೇಖನವೊಂದರಲ್ಲಿ ಈ ಭೇದವನ್ನೇ ಗುರುತಿಸಿದ್ದಾರೆ. ಹಳೇಬೀಡಿನ ಶಿಲ್ಪಿಗಳು ಕಡೆದು ನಿಲ್ಲಿಸಿದ ಕಂಬ ದೇಗುಲದ ಅಂಗ. ಅರಸೀಕೆರೆ ಜಂಕ್ಷನ್ನಿನ ರೈಲು ಪ್ರಯಾಣಿಕನ ಸ್ವತ್ತಲ್ಲ, ಅವನಿಗೆ ದೊರೆಯುವ ಸೇವೆ.

ಆಬ್ಜೆಕ್ಟ್ ಓರಿಯೆಂಟೆಡ್ ತಂತ್ರಾಂಶಗಳಲ್ಲಿ ಈ ಜೋಡಣೆಯ ಹೊಣೆ ಹೊರುವುದು ಕಂಟೇನರ್. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ‘ಸ್ಪ್ರಿಂಗ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ಘಟಕಗಳನ್ನು ಸೃಷ್ಟಿಸಿ, ಒಂದಕ್ಕೆ ಬೇಕಾದ ಇನ್ನೊಂದನ್ನು ಒದಗಿಸಿ, ಕೊನೆಗೆ ವಿಸರ್ಜಿಸುತ್ತದೆ. ದೂರದ ಸೇವೆಯನ್ನೂ ಸ್ಥಳೀಯ ಘಟಕದಂತೆಯೇ ಕೈಗೆ ನೀಡಬಲ್ಲದು. ಅನುಕೂಲವೂ ಅಪಾಯವೂ ಇಲ್ಲಿಯೇ ಇವೆ: ಬರೆದ ಸಾಲು ಒಂದೇ ರೀತಿ ಕಂಡರೂ, ಹಿಂದಿನ ಹೊಣೆಗಾರಿಕೆ ಒಂದೇ ಅಲ್ಲ.

ಮುದ್ರಾಂಕ ಶುಲ್ಕದ ಲೆಕ್ಕವನ್ನು ಘಟಕವಾಗಿಸಿದರೆ ಜಾಲಸಂಪರ್ಕ ಕಡಿದರೂ ಲೆಕ್ಕ ನಿಲ್ಲದು. ಆದರೆ ಶುಲ್ಕದ ದರ ಬದಲಾದರೆ ಪ್ರತಿ ಕಚೇರಿಯ ಪ್ರತಿಯನ್ನೂ ಬದಲಿಸಬೇಕು. ಜಮೀನಿನ ಒಡೆತನದ ವಿಷಯ ಇನ್ನೂ ಸೂಕ್ಷ್ಮ. ನೋಂದಣಿ ಕಚೇರಿಯು ಹಳೆಯ ಪ್ರತಿಯನ್ನೇ ನಂಬಿದರೆ, ಈಗಾಗಲೇ ಮಾರಾಟವಾದ ಜಮೀನು ಮತ್ತೊಮ್ಮೆ ಮಾರಾಟವಾಗಲು ದಾರಿಯಾದೀತು. ಆದ್ದರಿಂದ ಒಡೆತನದ ವಿವರವನ್ನು ‘ಭೂಮಿ’ಯಿಂದಲೇ ಆ ಕ್ಷಣದಲ್ಲಿ ಕೇಳಿ ಪಡೆಯುವುದು ಯುಕ್ತ. ನೋಂದಣಿಯ ವಿವರವು ‘ಕಾವೇರಿ’ಯಿಂದ ‘ಭೂಮಿ’ಗೆ ಹರಿದು ಖಾತೆ ಬದಲಾವಣೆ ಆರಂಭವಾಗುವ ಏರ್ಪಾಡು ಈ ದಿಕ್ಕಿನದೇ.

ಸೇವೆಗೂ ಬೆಲೆಯುಂಟು. ಆರಂಭದಲ್ಲಿ ಪಹಣಿಯ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಇತ್ತು; ಬಳಿಕ ಅದು ಕೇಂದ್ರೀಕೃತವಾಯಿತು. ದತ್ತಾಂಶ ದೂರದಲ್ಲಿದ್ದಾಗ ಸರ್ವರ್ ಸ್ತಬ್ಧವಾದರೆ ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಕಡೆ ಏಕಕಾಲಕ್ಕೆ ಕೆಲಸ ನಿಲ್ಲುತ್ತದೆ. ಬೆಳೆ ಸಾಲಕ್ಕಾಗಿ ಪಹಣಿ ಬೇಕಾದ ರೈತ ಒಂದು ದಿನದ ಕೂಲಿ ಕಳೆದುಕೊಂಡು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಹೀಗಾಗಿ ಆಯ್ಕೆಯ ಸೂತ್ರ ಸರಳ. ಅಪರೂಪಕ್ಕೆ ಬದಲಾಗುವ ಲೆಕ್ಕಾಚಾರ ಘಟಕವಾಗಿರಲಿ. ಒಂದೇ ಸತ್ಯ ಎಲ್ಲರಿಗೂ ಬೇಕಾದಲ್ಲಿ ಸೇವೆಯಿರಲಿ. ಆದರೆ ಉತ್ತರ ಬಾರದಿದ್ದಾಗ ಏನು ಮಾಡಬೇಕೆಂಬುದನ್ನು ಕಂಟೇನರ್ ನಿರ್ಧರಿಸದು. ಅದನ್ನು ತಂತ್ರಾಂಶ ರೂಪಿಸುವವರೇ ಮೊದಲು ನಿರ್ಧರಿಸಬೇಕು.