ಮನೆಯ ರಕ್ಷಣೆ: ವ್ಯಾಪಾರಸ್ಥ ಕುಟುಂಬಗಳು ಮಾಡಿಕೊಳ್ಳಬೇಕಾದ ಪೂರ್ವಸಿದ್ಧತೆ

ಅಂಗಡಿಗೆ ಷಟರ್, ಗೋದಾಮಿಗೆ ಕಾವಲುಗಾರ, ದಾಸ್ತಾನಿಗೆ ವಿಮೆ, ಲೆಕ್ಕಪತ್ರಗಳಿಗೆ ಪರಿಶೋಧನೆ - ಇಷ್ಟೆಲ್ಲ ಎಚ್ಚರ ವಹಿಸುವ ನಮ್ಮ ವ್ಯಾಪಾರಸ್ಥ ಬಂಧುಗಳು ತಾವು ವಾಸಿಸುವ ಮನೆಯ ವಿಷಯದಲ್ಲಿ ಮಾತ್ರ ಒಂದು ಬೀಗವನ್ನೂ ದೈವವನ್ನೂ ನಂಬಿಕೊಂಡು ಇದ್ದುಬಿಡುತ್ತಾರೆ. ಈ ಉದಾಸೀನದ ಬೆಲೆ ಎಷ್ಟೆಂಬುದನ್ನು ನಾನು ತಿಳಿದುಕೊಂಡದ್ದು ನನ್ನ ಕಕ್ಷಿದಾರರೊಬ್ಬರಿಗೆ ಒದಗಿದ ಆಪತ್ತಿನಿಂದ.

ಅವರು ಕೊಬ್ಬರಿ ವರ್ತಕರು. ಸೋಮವಾರ ರೈತರಿಗೆ ಬಟವಾಡೆ ಮಾಡಬೇಕಾಗಿದ್ದ ನಗದನ್ನು ಶುಕ್ರವಾರವೇ ಬ್ಯಾಂಕಿನಿಂದ ತಂದಿದ್ದರು. ಮಾರನೆಯ ದಿನ ಎರಡನೇ ಶನಿವಾರದ ರಜೆ. ಹಣದ ಚೀಲ ಮನೆಯ ಬೀರುವಿನಲ್ಲಿತ್ತು. ಭಾನುವಾರ ರಾತ್ರಿ ಹಿಂಬಾಗಿಲು ಮುರಿದು ಒಳಬಂದ ಮೂವರಿಗೆ ಅದನ್ನು ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ಹಣ ಹೋಯಿತು, ಬಲಗೈಯ ನರಗಳೂ ತುಂಡಾದವು. ಇಂದು ಅವರು ಎಡಗೈಯಲ್ಲಿ ಸಹಿ ಮಾಡುತ್ತಾರೆ. ಅಂಗಡಿಯ ತಿಜೋರಿಯಲ್ಲಿದ್ದ ಹಣಕ್ಕೆ ವಿಮೆ ಇತ್ತು, ಮನೆಯ ಬೀರುವಿನಲ್ಲಿದ್ದ ಹಣಕ್ಕೆ ಇರಲಿಲ್ಲ. ಹತ್ತಾರು ವರ್ಷ ಅವರ ಆಸ್ತಿ-ಹೊಣೆ ಪಟ್ಟಿಯಲ್ಲಿ 'ಕೈಯಲ್ಲಿರುವ ನಗದು' ಎಂಬ ಬಾಬನ್ನು ತಾಳೆ ನೋಡಿ ಗುರುತು ಹಾಕಿದವನು ನಾನೇ. ಆ ನಗದು ರಾತ್ರಿ ಎಲ್ಲಿರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮನೆಯ ರಕ್ಷಣೆಯ ಯೋಜನೆಗೆ ತಳಹದಿಯಾಗಬೇಕಾದ ತತ್ವ ಒಂದೇ: ಮನೆಯೊಳಗಿನ ಯಾವ ವಸ್ತುವಿಗಾಗಿಯೂ ಮನೆಮಂದಿ ಕಾದಾಡುವ ಪ್ರಸಂಗ ಬರಬಾರದು. ವಸ್ತುವಿನ ರಕ್ಷಣೆಯನ್ನು ಹಗಲಿನಲ್ಲೇ ಕಾಗದ, ಲಾಕರ್ ಹಾಗೂ ವಿಮೆಯ ಮೂಲಕ ಮುಗಿಸಿಟ್ಟರೆ ರಾತ್ರಿ ಕಾಯಬೇಕಾದದ್ದು ಜೀವವೊಂದೇ ಆಗಿರುತ್ತದೆ.

ಮೊದಲು ಪಟ್ಟಿ

ಸಂಸ್ಥೆಗೆ ಸ್ಥಿರಾಸ್ತಿಗಳ ವಹಿ ಇರುವಂತೆ ಮನೆಗೂ ಒಂದು ವಹಿ ಇರಲಿ. ಪ್ರತಿಯೊಂದು ಆಭರಣದ ತೂಕ, ಶುದ್ಧತೆ, ಕೊಂಡ ವರ್ಷ, ಬಿಲ್ಲು ಮತ್ತು ಛಾಯಾಚಿತ್ರ. ಎಲೆಕ್ಟ್ರಾನಿಕ್ ಉಪಕರಣಗಳ ಕ್ರಮಸಂಖ್ಯೆ. ಪಿತ್ರಾರ್ಜಿತ ಒಡವೆಗಳಿಗೆ ನೋಂದಾಯಿತ ಮೌಲ್ಯಮಾಪಕರ ಪ್ರಮಾಣಪತ್ರ - ಇವು ಅದರಲ್ಲಿರಬೇಕು. ವಹಿಯ ಒಂದು ಪ್ರತಿಯನ್ನು ಮನೆಯ ಹೊರಗೆ ಇರಿಸತಕ್ಕದ್ದು. ಪೊಲೀಸರಿಗೂ ವಿಮಾ ಸಮೀಕ್ಷಕರಿಗೂ ತೆರಿಗೆ ಅಧಿಕಾರಿಗೂ ಉತ್ತರ ಕೊಡುವುದು ಇದೇ ವಹಿ.

ನಗದು

ಮನೆಯಲ್ಲಿ ಇಷ್ಟೇ ನಗದು ಇರಬೇಕೆಂಬ ಮಿತಿಯನ್ನು ಆದಾಯ ತೆರಿಗೆ ಕಾನೂನು ವಿಧಿಸಿಲ್ಲ. ಆದರೆ ಅದರ ಮೂಲವನ್ನು ವಿವರಿಸಲು ಶಕ್ತರಾಗಿರಬೇಕು. ವ್ಯಾಪಾರದ ಹಣ ಮನೆಯಲ್ಲಿ ತಂಗುವುದು ಅನಿವಾರ್ಯವಾದರೆ ಅದು ನಗದು ಪುಸ್ತಕದಲ್ಲಿ ಅಂದಿನ ದಿನವೇ ನಮೂದಾಗಿರಲಿ. 1951ರಲ್ಲಿ ನೈನಿತಾಲ್ ಬ್ಯಾಂಕಿನ ರಾಮನಗರ ಶಾಖೆಯಲ್ಲಿ ಡಕಾಯಿತಿ ನಡೆದಿತ್ತು. ಅಲ್ಲಿ ಹೋದ ನಗದನ್ನು ವ್ಯವಹಾರದ ನಷ್ಟವೆಂದೇ ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಹಣ ಇರಿಸಿಕೊಳ್ಳುವುದು ಆ ವ್ಯವಹಾರಕ್ಕೇ ಅಂಟಿಕೊಂಡ ಕಾರ್ಯವಾಗಿತ್ತು ಎಂಬುದು ಅದಕ್ಕೆ ಆಧಾರ. ಪುಸ್ತಕದಲ್ಲಿಲ್ಲದ ಹಣಕ್ಕೆ ಇಂತಹ ವಾದ ಹೂಡಲು ದಾರಿಯೇ ಇರುವುದಿಲ್ಲ. ಎಷ್ಟೋ ವೇಳೆ ದೂರಿನಲ್ಲಿ ನಿಜವಾದ ಮೊತ್ತವನ್ನು ಹೇಳಲೂ ಧೈರ್ಯ ಬರುವುದಿಲ್ಲ. ವ್ಯಾಪಾರದ ಸರಕನ್ನು ಮನೆಯಲ್ಲಿ ಶೇಖರಿಸಿದ್ದು ಕಳುವಾದರೆ, ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ ಕಲಂ 17(5)ರಂತೆ ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ.

ಲಾಕರ್

ನಿತ್ಯ ಧರಿಸದ ಒಡವೆಗಳಿಗೆ ಬ್ಯಾಂಕ್ ಲಾಕರೇ ತಕ್ಕ ಸ್ಥಳ. ಆದರೆ ಲಾಕರಿನಲ್ಲಿಟ್ಟ ಮಾತ್ರಕ್ಕೆ ಪೂರ್ಣ ಮೌಲ್ಯಕ್ಕೆ ಬ್ಯಾಂಕು ಹೊಣೆ ಎಂದು ಭಾವಿಸಬಾರದು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ, ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದಾದ ನಷ್ಟಕ್ಕೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 3,000 ರೂಪಾಯಿ ಆಗಿದ್ದರೆ ಹೊಣೆ 3 ಲಕ್ಷ ರೂಪಾಯಿ. ಉಳಿದ ಮೌಲ್ಯಕ್ಕೆ ವಿಮೆಯನ್ನು ನಾವೇ ಮಾಡಿಸಿಕೊಳ್ಳಬೇಕು.

ವಿಮೆ

'ಮನೆಗೆ ವಿಮೆ ಇದೆ' ಎಂದು ನೆಮ್ಮದಿಯಿಂದಿರುವ ಸದಸ್ಯರು ಪಾಲಿಸಿಯನ್ನು ಮತ್ತೊಮ್ಮೆ ಓದುವುದು ಒಳಿತು. 2021ರ ಏಪ್ರಿಲ್ 1ರಿಂದ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿ ಮೂಲತಃ ಬೆಂಕಿ, ಪ್ರವಾಹ, ಭೂಕಂಪ ಮೊದಲಾದ ವಿಪತ್ತುಗಳಿಗೆ ಸಂಬಂಧಿಸಿದ್ದು. ಅಂತಹ ವಿಪತ್ತು ಸಂಭವಿಸಿ, ಅದರ ಪರಿಣಾಮವಾಗಿ ಏಳು ದಿನಗಳೊಳಗೆ ನಡೆದ ಕಳವಿಗೆ ಮಾತ್ರ ಅದರಲ್ಲಿ ರಕ್ಷಣೆಯುಂಟು. ಸಾಮಾನ್ಯ ಮನೆಗಳ್ಳತನಕ್ಕೆ ಪ್ರತ್ಯೇಕ ಕನ್ನಗಳವು ವಿಮೆ ಅಥವಾ ಗೃಹಸ್ಥರ ಪ್ಯಾಕೇಜ್ ಪಾಲಿಸಿ ಬೇಕು.

ಕನ್ನಗಳವು ವಿಮೆಯಲ್ಲಿ ಮೂರು ಅಂಶಗಳನ್ನು ಗಮನಿಸತಕ್ಕದ್ದು. ಒಂದು, ಬಲಪ್ರಯೋಗದಿಂದ ಒಳನುಗ್ಗಿದ ಗುರುತು ಇರಬೇಕೆಂಬ ಷರತ್ತು ಸಾಮಾನ್ಯ. ತೆರೆದ ಬಾಗಿಲಿನಿಂದ ಬಂದು ಒಯ್ದರೆ ಪರಿಹಾರ ಕಷ್ಟಸಾಧ್ಯ. ಎರಡು, ಮನೆಯವರು ಅಥವಾ ಕೆಲಸದವರು ಶಾಮೀಲಾಗಿದ್ದ ಕಳವು ಹಾಗೂ ಮನೆ ಬಹುಕಾಲ ಖಾಲಿ ಇದ್ದಾಗ ನಡೆದ ಕಳವು ಹಲವು ಪಾಲಿಸಿಗಳಲ್ಲಿ ಹೊರತಾಗಿರುತ್ತವೆ. ಮೂರು, ಸರಾಸರಿ ನಿಯಮ: 10 ಲಕ್ಷ ರೂಪಾಯಿ ಮೌಲ್ಯದ ವಸ್ತುಗಳಿಗೆ 5 ಲಕ್ಷಕ್ಕೆ ವಿಮೆ ಮಾಡಿಸಿ 2 ಲಕ್ಷ ನಷ್ಟವಾದರೆ, ಈ ನಿಯಮವುಳ್ಳ ಪಾಲಿಸಿಯಲ್ಲಿ ದೊರೆಯುವುದು 1 ಲಕ್ಷ ಮಾತ್ರ.

ಬಾಗಿಲು, ಬೆಳಕು, ನೆರೆಹೊರೆ

ಮುಂಬಾಗಿಲಿಗೆ ತೇಗದ ಕೆತ್ತನೆ, ಹಿಂಬಾಗಿಲಿಗೆ ತೆಳು ಹಲಗೆ - ಇದು ನಮ್ಮ ಬಹುತೇಕ ಮನೆಗಳ ಸ್ಥಿತಿ. ಹಿಂಬಾಗಿಲು, ತಾರಸಿಯ ಬಾಗಿಲು ಹಾಗೂ ಸ್ನಾನಗೃಹದ ಕಿಟಕಿಗಳೇ ಮೊದಲು ಬಲಗೊಳ್ಳಬೇಕಾದ ಸ್ಥಳಗಳು. ಚೌಕಟ್ಟು ದುರ್ಬಲವಾಗಿದ್ದರೆ ಬೀಗ ಎಷ್ಟೇ ದುಬಾರಿಯಾದರೂ ನಿಷ್ಪ್ರಯೋಜಕ. ಹಿತ್ತಲಲ್ಲಿ ಚಲನೆಗೆ ತಾನೇ ಹೊತ್ತಿಕೊಳ್ಳುವ ದೀಪ, ಬಾಗಿಲಿಗೆ ಸರಪಳಿ ಮತ್ತು ಇಣುಕುಗಿಂಡಿ - ಇವಕ್ಕೆ ತಗಲುವ ವೆಚ್ಚ ಅಲ್ಪ. ಕ್ಯಾಮೆರಾದ ಮುದ್ರಣ ಪೆಟ್ಟಿಗೆಯನ್ನು ಎಲ್ಲರ ಕಣ್ಣಿಗೆ ಬೀಳುವ ಟಿವಿಯ ಪಕ್ಕದಲ್ಲಿ ಇಡಬಾರದು. ಕಿಟಕಿಗಳಿಗೆಲ್ಲ ಸರಳು ಹಾಕಿಸುವವರು ಒಂದು ಕಿಟಕಿಯಾದರೂ ಒಳಗಿನಿಂದ ತೆರೆಯುವಂತೆ ಮಾಡಿಸಬೇಕು. ಕಳ್ಳ ಬರದಂತೆ ಮುಚ್ಚಿದ ಮನೆ ಬೆಂಕಿ ಬಿದ್ದಾಗ ಮನೆಯವರಿಗೇ ಸೆರೆಯಾಗಬಾರದು.

ಲೆಕ್ಕಪರಿಶೋಧನೆಯಲ್ಲಿ ಕರ್ತವ್ಯ ವಿಭಜನೆ ಎಂಬ ನಿಯಮವಿದೆ: ನಗದು ಹಿಡಿಯುವವನೇ ನಗದು ಪುಸ್ತಕ ಬರೆಯಬಾರದು. ಮನೆಗೂ ಇದು ಸಲ್ಲುತ್ತದೆ. ಹಣ ಬರುವ ದಿನ, ಬೀರುವಿನ ಕೀಲಿಯ ಸ್ಥಳ, ಕುಟುಂಬದ ಪ್ರವಾಸದ ದಿನಾಂಕ - ಈ ಮೂರೂ ಹೊರಗಿನ ಒಬ್ಬನೇ ವ್ಯಕ್ತಿಗೆ ತಿಳಿದಿರಬಾರದು. ಇದರಲ್ಲಿ ಕೆಲಸದವರ ಮೇಲಿನ ಅಪನಂಬಿಕೆಯೇನೂ ಇಲ್ಲ. ವಿನಾಕಾರಣ ಸಂಶಯಕ್ಕೆ ಗುರಿಯಾಗದಂತೆ ಅವರನ್ನೂ ಇದು ಕಾಪಾಡುತ್ತದೆ. ಊರಿಗೆ ಹೋಗುವಾಗ ನಂಬಿಗಸ್ತ ನೆರೆಯವರಿಗೂ ಠಾಣೆಗೂ ತಿಳಿಸಿ ಹೋಗುವುದು ಕ್ಷೇಮ. ಮದುವೆಯ ಛಾಯಾಚಿತ್ರಗಳನ್ನು ಮೊಬೈಲಿನಲ್ಲಿ ಹರಿಯಬಿಡುವುದು ಹಿಂತಿರುಗಿದ ಮೇಲಾಗಲಿ.

ಆ ರಾತ್ರಿ ಯಾರು ಏನು ಮಾಡಬೇಕು

ಒಳಗಿನಿಂದ ಗಟ್ಟಿ ಅಗುಳಿ ಇರುವ ಒಂದು ಕೋಣೆಯನ್ನು ಮೊದಲೇ ಗೊತ್ತುಮಾಡಬೇಕು. ವೃದ್ಧರು ಮಲಗುವ ಕೋಣೆಯೇ ಆದರೆ ಉತ್ತಮ. ಅವರನ್ನು ಕತ್ತಲಲ್ಲಿ ನಡೆಸುವ ತೊಂದರೆ ತಪ್ಪುತ್ತದೆ. ಅಲ್ಲಿ ಚಾರ್ಜ್ ಆದ ಫೋನು, ಟಾರ್ಚು, ನಿತ್ಯದ ಔಷಧಿ ಇರಲಿ. ಸದ್ದು ಕೇಳಿದೊಡನೆ ಮಕ್ಕಳನ್ನು ಕರೆತರುವವರು ಒಬ್ಬರು, 112ಕ್ಕೆ ಕರೆ ಮಾಡಿ ವಿಳಾಸವನ್ನು ಗುರುತಿನೊಡನೆ ಹೇಳುವವರು ಇನ್ನೊಬ್ಬರು ಎಂದು ನಿಗದಿಯಾಗಿರಲಿ. ಯಾರೂ ಕಳ್ಳನನ್ನು ಹುಡುಕಿಕೊಂಡು ಹೋಗಬಾರದು. ಎದುರಾಬದುರಾದರೆ ಕೀಲಿ ಕೊಟ್ಟುಬಿಡಿ. ವರ್ಷಕ್ಕೆರಡು ಬಾರಿ ಅಭ್ಯಾಸ ಮಾಡಿದರೆ ಹತ್ತು ವರ್ಷದ ಮಗುವಿಗೂ ತನ್ನ ಪಾತ್ರ ತಿಳಿದಿರುತ್ತದೆ.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ತನ್ನ ಹಾಗೂ ಇತರರ ದೇಹ ಮತ್ತು ಆಸ್ತಿಯನ್ನು ರಕ್ಷಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗಿನ ಮನೆಕನ್ನ, ಪ್ರಾಣಭಯ ಹುಟ್ಟಿಸುವಂತಹ ಅತಿಕ್ರಮ ಪ್ರವೇಶ ಮೊದಲಾದ ಸಂದರ್ಭಗಳಲ್ಲಿ ಎದುರಾಳಿಯ ಸಾವಿಗೆ ಕಾರಣವಾಗುವಷ್ಟರ ಮಟ್ಟಿಗೂ ಆ ಹಕ್ಕು ವಿಸ್ತರಿಸುತ್ತದೆ ಎನ್ನುತ್ತದೆ ಕಲಂ 41. ಆದರೆ ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಸಾರ್ವಜನಿಕ ಅಧಿಕಾರಿಗಳ ನೆರವು ಪಡೆಯಲು ಸಮಯಾವಕಾಶವಿದ್ದರೆ ಹಕ್ಕೇ ಇಲ್ಲ ಎಂದು ಕಲಂ 37 ಮಿತಿ ಹಾಕುತ್ತದೆ. ಸೆರೆಸಿಕ್ಕವನನ್ನು ಕಂಬಕ್ಕೆ ಕಟ್ಟಿ ಹೊಡೆಯುವುದು ಆತ್ಮರಕ್ಷಣೆಯಾಗದು, ಅಪರಾಧವೇ ಆಗುತ್ತದೆ.

ಗೋಡೆಗೆ ವಿದ್ಯುತ್ ತಂತಿ ಹರಿಸಿಡುವ ದುಸ್ಸಾಹಸಕ್ಕೆ ಯಾರೂ ಕೈಹಾಕಬಾರದು. ಬಿಹಾರದ ಚೆರುಬಿನ್ ಗ್ರೆಗರಿ ಪ್ರಕರಣದಲ್ಲಿ, ಅತಿಕ್ರಮ ಪ್ರವೇಶ ತಡೆಯಲು ಶೌಚಾಲಯದ ದಾರಿಯಲ್ಲಿ ವಿದ್ಯುತ್ ಹರಿಯುವ ತಂತಿ ಕಟ್ಟಿ ನೆರೆಮನೆಯ ಮಹಿಳೆಯ ಸಾವಿಗೆ ಕಾರಣನಾದವನ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ಎತ್ತಿಹಿಡಿಯಿತು. ಆತ್ಮರಕ್ಷಣೆಯ ವಾದ ಅಲ್ಲಿ ನಿಲ್ಲಲಿಲ್ಲ.

ಘಟನೆಯ ನಂತರ

ಪೊಲೀಸರು ಬರುವವರೆಗೆ ಯಾವ ವಸ್ತುವನ್ನೂ ಮುಟ್ಟಬಾರದು. ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ವಿಧಾನದಲ್ಲಿ ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ಹೇಳುತ್ತದೆ. ವಿಮಾ ಕಂಪನಿಗೆ ಅದೇ ದಿನ ಲಿಖಿತ ಸೂಚನೆ ಹೋಗಲಿ. ಕಳುವಾದ ಮಾಲು ಸಿಗದಿದ್ದಲ್ಲಿ ಪತ್ತೆಯಾಗದ ಪ್ರಕರಣವೆಂಬ ಅಂತಿಮ ವರದಿಯನ್ನು ವಿಮಾ ಕಂಪನಿ ಕೇಳುವುದರಿಂದ ಅದನ್ನೂ ಪಡೆದಿಟ್ಟುಕೊಳ್ಳಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಮೇಲೆ ಹೇಳಿದ ಕೆಲಸಗಳಲ್ಲಿ ಹೆಚ್ಚಿನವು ಒಂದು ಭಾನುವಾರದಲ್ಲಿ ಮುಗಿಯುವಂತಹವು. ಈಗ ನಾನು ಪ್ರತಿ ವರ್ಷ ಪರಿಶೋಧನೆಯ ವೇಳೆ ಕಕ್ಷಿದಾರರನ್ನು ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ: 'ಈ ನಗದು ರಾತ್ರಿ ಎಲ್ಲಿರುತ್ತದೆ? ಅದರ ಪಕ್ಕದಲ್ಲಿ ಯಾರು ಮಲಗುತ್ತಾರೆ?' ಮಾನ್ಯ ಸದಸ್ಯರು ಈ ಪ್ರಶ್ನೆಯನ್ನು ಇಂದೇ ತಮಗೆ ತಾವೇ ಕೇಳಿಕೊಳ್ಳಬೇಕೆಂದು ವಿನಂತಿ.